ಕಸ್ತೂರಿ ಓದುತ್ತಿಲ್ಲ ಎಂದ ಕಾಲೇಜು

ಮೊನ್ನೆ ಒಂದು ಮದುವೆಯ ಮನೆಗೆ ಹೊಲಿದ ರವಿಕೆಗಳನ್ನು ಮುಟ್ಟಿಸಲು ಬಿಜ್ಜರಗಿಗೆ ಹೋಗಿದ್ದೆ. ಊರು ಇನ್ನೂ ದೂರವಿದ್ದಾಗಲೇ ಬಸ್ಸಿನ ಕಿಟಕಿಯಿಂದ ಗಂಧಕದ ಹೊಗೆ ಮೂಗಿಗೆ ಬಂತು. ಮಣೂಕ, ಅಂದರೆ ಒಣದ್ರಾಕ್ಷಿ ಮಾಡುವ ಶೆಡ್ಡುಗಳಲ್ಲಿ, ಕಾಯಿಗೆ ಒಳ್ಳೆಯ ಬಣ್ಣ ಬರಲೆಂದು ಹಾಕುವ ಹೊಗೆ ಅದು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗು ಮುಚ್ಚಿಕೊಂಡು ಕೆಮ್ಮಿದಳು. ನನಗೆ ಕೆಮ್ಮು ಬರಲಿಲ್ಲ, ಸಿಟ್ಟು ಬಂತು. ವರ್ಷಗಳು ಕಳೆದರೂ ಆ ವಾಸನೆ ಬಂದರೆ ನನಗೆ ಮೊದಲು ನೆನಪಾಗುವುದು ಕಸ್ತೂರಿ ಮತ್ತು ಅವಳ ಬಗ್ಗೆ ಕಾಲೇಜು ಬರೆದ ಸುಳ್ಳು.

ನಾನು ತಿಕೋಟಾದಲ್ಲಿ ಹೆಣ್ಣುಮಕ್ಕಳ ಬಟ್ಟೆ ಹೊಲಿಯುವವಳು. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅಂಗಡಿ. ಹತ್ತನೆಯ ತರಗತಿ ಮುಗಿದ ಮೇಲೆ ಮದುವೆಯಾಯಿತು, ಪಿಯುಸಿಯನ್ನು ಮಕ್ಕಳು ಸಾಲಿಗೆ ಹೋಗಲು ಶುರು ಮಾಡಿದ ಮೇಲೆ ಹೊರಗಿನಿಂದ ಕಟ್ಟಿ ಪಾಸಾದೆ. ಬಿ.ಎ. ಮಾಡಬೇಕೆಂಬ ಆಸೆ ಇತ್ತು. ದಿನಾ ವಿಜಯಪುರಕ್ಕೆ ಹೋಗಿ ಬರುವುದು ಆಗದ ಮಾತು. ಅಷ್ಟರಲ್ಲಿ ವಿಜಯಪುರದ ಒಂದು ಖಾಸಗಿ ಕಾಲೇಜು ಮನೆಯಲ್ಲೇ ಕೂತು ಫೋನಿನಲ್ಲಿ ಪದವಿ ಓದಬಹುದೆಂದು ಪ್ರಚಾರ ಮಾಡಿತು. ನನ್ನ ಗಂಡ ರಫೀಕ್ ಸಾಲಿಯ ವ್ಯಾನು ಓಡಿಸುತ್ತಾನೆ. ಅವನೇ ನನ್ನನ್ನು ಕರೆದುಕೊಂಡು ಹೋಗಿ ಹೆಸರು ಹಚ್ಚಿಸಿದ.

ಮೊದಲ ದಿನ ನಮ್ಮನ್ನೆಲ್ಲ ಕಾಲೇಜಿನ ಸಭಾಂಗಣದಲ್ಲಿ ಕೂಡಿಸಿದ್ದರು. ಹೆಚ್ಚಿನವರು ನನ್ನಂಥ ಹೆಂಗಸರು. ಒಬ್ಬಳ ತೊಡೆಯ ಮೇಲೆ ಕೂಸು ಮಲಗಿತ್ತು. ಈ ಹೊಸ ವ್ಯವಸ್ಥೆಯನ್ನು ನೋಡಿಕೊಳ್ಳುವ ಹಂಚಿನಾಳ ಸರ್ ಮೈಕು ಹಿಡಿದು ಹೇಳಿದರು: "ಇಲ್ಲಿ ನಿಮ್ಮನ್ನ ಯಾರೂ ಕಾಯೂದಿಲ್ಲ. ಗಂಟಿ ಇಲ್ಲ, ಹಾಜರಿ ಇಲ್ಲ. ನಿಮಗ ನೀವ ಮಾಸ್ತರು. ನಿಮ್ಮ ವ್ಯಾಳ್ಯಾಕ, ನಿಮ್ಮ ವೇಗದಾಗ ಓದ್ರಿ. ಇದಕ್ಕ ಸ್ವಯಂ ಕಲಿಕೆ ಅಂತಾರ."

ನನಗೆ ಆ ಮಾತು ಎಷ್ಟು ಹಿತವಾಯಿತೆಂದು ಹೇಳಲಾರೆ. ಹುಟ್ಟಿದಾಗಿನಿಂದ ಯಾರೋ ಒಬ್ಬರ ಕಾವಲಿನಲ್ಲೇ ಬೆಳೆದವರು ನಾವು. ಯಾರೂ ಕಾಯುವುದಿಲ್ಲ ಎಂದು ಒಬ್ಬರು ಮೈಕಿನಲ್ಲಿ ಹೇಳಿದ್ದು ಅದೇ ಮೊದಲು. ಪಕ್ಕದಲ್ಲಿ ಕೂತಿದ್ದವಳು ನನ್ನ ಕಿವಿಯಲ್ಲಿ, "ಹಂಗಾರ ನಾನೂ ಓದಬಹುದು ಬಿಡ್ರಿ ಅಕ್ಕಾ" ಅಂದಳು. ಅವಳೇ ಕಸ್ತೂರಿ. ಬಿಜ್ಜರಗಿಯ ಸೊಸೆ, ಇಬ್ಬರು ಮಕ್ಕಳ ತಾಯಿ. ಮನೆಯಲ್ಲಿ ದ್ರಾಕ್ಷಿ ತೋಟ, ತೋಟದ ಮಗ್ಗುಲಲ್ಲೇ ಮಣೂಕದ ಶೆಡ್ಡು. ತಿಕೋಟಾದವರೆಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದೆವು. ಇಳಿಯುವ ಹೊತ್ತಿಗೆ ನಾನು ಅವಳಿಗೆ ಮುಮ್ತಾಜಕ್ಕ ಆಗಿದ್ದೆ.

ಹೆಸರು ಹಚ್ಚುವಾಗ ನಾವು ತುಂಬಿಕೊಟ್ಟಿದ್ದ ಅರ್ಜಿಯಲ್ಲಿ ಪಾಲಕರ ಫೋನ್ ನಂಬರಿಗೆ ಒಂದು ಜಾಗ ಇತ್ತು. ಅದನ್ನು ಖಾಲಿ ಬಿಟ್ಟರೆ ಅರ್ಜಿ ಮುಂದಕ್ಕೆ ಹೋಗುತ್ತಿರಲಿಲ್ಲ. ನನ್ನದರಲ್ಲಿ ರಫೀಕನ ನಂಬರು ಹಾಕಿದ್ದೆವು. ಕಸ್ತೂರಿಯ ಗಂಡ ಶಿವಾನಂದ ತನ್ನ ಅಣ್ಣ ಮಲ್ಲಪ್ಪನ ನಂಬರು ಕೊಟ್ಟಿದ್ದ. ಅವರದು ಕೂಡಿದ ಮನೆ, ಮಲ್ಲಪ್ಪನೇ ಹಿರಿಯ. ಆಗ ಅದು ಯಾರಿಗೂ ದೊಡ್ಡ ವಿಷಯ ಅನ್ನಿಸಲಿಲ್ಲ.

ಮಳೆಗಾಲವೂ ಚಳಿಗಾಲವೂ ಚೆನ್ನಾಗಿಯೇ ಹೋದವು. ಪಾಠಗಳು ಫೋನಿಗೆ ಬರುತ್ತಿದ್ದವು. ವಾರದ ಮೊದಲಿಗೆ ಈ ವಾರ ಏನು ಓದುತ್ತೇನೆಂದು ನಾವೇ ಗುರಿ ಬರೆಯಬೇಕು. ವಾರದ ಕೊನೆಗೆ ಏನು ಕಲಿತೆ, ಏನು ತಿಳಿಯಲಿಲ್ಲ ಎಂದು ನಾವೇ ಬರೆಯಬೇಕು. ಇದರಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ. ಈಗಲೂ ಕಾಣುವುದಿಲ್ಲ. ತನ್ನ ಓದನ್ನು ತಾನೇ ಅಳೆದು ನೋಡುವುದು ಒಳ್ಳೆಯ ರೂಢಿ. ನಾನು ಮಷಿನ್ನಿನ ಮುಂದೆ ಫೋನು ನಿಲ್ಲಿಸಿಕೊಂಡು ಹೊಲಿಯುತ್ತ ಕೇಳುತ್ತಿದ್ದೆ.

ಕಸ್ತೂರಿಯ ದಾರಿ ಬೇರೆ. ಅವರ ತೋಟದಲ್ಲಿ ಫೋನಿಗೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಸಂತೆಯ ದಿನ ಅವಳು ತಿಕೋಟಾಕ್ಕೆ ಬಂದು, ನನ್ನ ಅಂಗಡಿಯ ವೈಫೈ ಹಚ್ಚಿಕೊಂಡು, ವಾರದ ಪಾಠಗಳನ್ನೆಲ್ಲ ಡೌನ್‌ಲೋಡ್ ಮಾಡಿಕೊಳ್ಳುತ್ತಿದ್ದಳು. ಅವು ಇಳಿಯುವಷ್ಟು ಹೊತ್ತು ಇಬ್ಬರೂ ಹಿಂದಿನ ವಾರದ್ದನ್ನು ಮಾತಾಡುತ್ತಿದ್ದೆವು. ಅವಳು ನನ್ನನ್ನು ಕೇಳುವ ಪ್ರಶ್ನೆಗಳು ಪುಸ್ತಕದ ಹಿಂದಿನವಲ್ಲ. "ಅಕ್ಕಾ, ಅವಿಭಕ್ತ ಕುಟುಂಬದಾಗ ಎಲ್ಲಾರಿಗೂ ಭದ್ರತೆ ಇರತೈತಿ ಅಂತ ಬಾಯಾರು ಹೇಳಿದ್ರು. ಎಲ್ಲಾರೂ ಅಂದ್ರ ಅದರಾಗ ಸೊಸ್ತೇರೂ ಬರತಾರೇನು?" ಎಂದು ಒಮ್ಮೆ ಕೇಳಿದಳು. ಬಾಯಾರು ಅಂದರೆ ಸಮಾಜಶಾಸ್ತ್ರದ ಪಾಠ ಹೇಳುವ ಕಲಾವತಿ ಮೇಡಂ. ಅವರ ಧ್ವನಿ ನಮ್ಮಿಬ್ಬರಿಗೂ ಪ್ರೀತಿ. ಪಾಠದಲ್ಲಿ ಬರೀ ಚಿತ್ರ, ಅಕ್ಷರ. ಅವರ ಮುಖ ನೋಡಿರಲಿಲ್ಲ.

ಮಾಘ ಮಾಸ ಬಂತು. ಬಿಸಿಲು ಏರಿತು, ದ್ರಾಕ್ಷಿಗೆ ಸಿಹಿ ಇಳಿಯಿತು. ಆ ಸೀಮೆಯಲ್ಲಿ ಆಗ ಯಾರಿಗೂ ಬಿಡುವಿರುವುದಿಲ್ಲ. ಗೊನೆ ಕಡಿಯಬೇಕು, ಎಣ್ಣೆ ನೀರಿನಲ್ಲಿ ಅದ್ದಬೇಕು, ಶೆಡ್ಡಿನ ಬಲೆಗಳ ಮೇಲೆ ಹರವಬೇಕು, ಒಣಗಿದ್ದನ್ನು ಉದುರಿಸಿ ತೊಟ್ಟು ಬಿಡಿಸಿ ಬಣ್ಣ ನೋಡಿ ಬೇರೆ ಮಾಡಬೇಕು. ಕಸ್ತೂರಿ ಬೆಳಗಿನಿಂದ ಹೊತ್ತು ಮುಳುಗುವವರೆಗೆ ಶೆಡ್ಡಿನಲ್ಲಿ. ಸೆರಗಿನೊಳಗೆ ಇಯರ್‌ಫೋನು. ಕೈ ಮಣೂಕ ಆರಿಸುತ್ತಿತ್ತು, ಕಿವಿ ಪಾಠ ಕೇಳುತ್ತಿತ್ತು. ಅಷ್ಟು ದಿನಗಳಲ್ಲಿ ಅವಳು ಓದಿದಷ್ಟು ನಾನೂ ಓದಲಿಲ್ಲ ಎಂದು ಆಣೆ ಮಾಡಿ ಹೇಳಬಲ್ಲೆ.

ಆದರೆ ಕಾಲೇಜಿನ ವ್ಯವಸ್ಥೆಗೆ ಅದು ಓದೇ ಅಲ್ಲ. ಇಂಟರ್ನೆಟ್ ಹಚ್ಚಿಕೊಂಡು, ಪರದೆಯ ಮೇಲೆ ಪಾಠ ತೆರೆದು, ಆಗಾಗ ಬೆರಳು ಮುಟ್ಟಿಸುತ್ತಿದ್ದರೆ ಮಾತ್ರ ಓದು. ಇಳಿಸಿಕೊಂಡು ಕೇಳಿದ್ದು ಅದರ ಲೆಕ್ಕಕ್ಕಿಲ್ಲ. ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಮೊದಲೆಲ್ಲ ಕಸ್ತೂರಿ ನನ್ನ ಅಂಗಡಿಯಲ್ಲೇ ಒಂದೆರಡು ಪಾಠ ತೆರೆದು ನೋಡಿ ಹೋಗುತ್ತಿದ್ದಳು, ಸುಗ್ಗಿ ಬಂದ ಮೇಲೆ ಅದಕ್ಕೂ ಹೊತ್ತು ಸಿಗಲಿಲ್ಲ.

ಶಿವರಾತ್ರಿಯ ಹಿಂದುಮುಂದು ಆಕಾಶದಲ್ಲಿ ಮೋಡ ಕಟ್ಟಿತು. ಬಲೆಯ ಮೇಲೆ ಹಸಿ ದ್ರಾಕ್ಷಿ ಇರುವಾಗ ನಾಲ್ಕು ಹನಿ ಬಿದ್ದರೆ ವರ್ಷದ ಬೆಳೆಯೇ ಕಪ್ಪಾಗುತ್ತದೆ. ಆ ವಾರವೆಲ್ಲ ಮನೆಮಂದಿ ಶೆಡ್ಡಿಗೆ ಪರದೆ ಇಳಿಸುವುದು, ಗಾಳಿ ಬಂದರೆ ಎತ್ತುವುದು, ಇದೇ ಕೆಲಸ. ಕಸ್ತೂರಿ ವಾರದ ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಬರೆದಳು: ಈ ವಾರ ಮೋಡ ಇತ್ತು, ಬರೆಯುವ ಕೆಲಸ ಆಗಲಿಲ್ಲ, ಎರಡು ಪಾಠ ಕೇಳಿದ್ದೇನೆ, ಎರಡನೆಯದು ಅರ್ಥವಾಗಿಲ್ಲ, ಯಾರನ್ನು ಕೇಳಬೇಕು? ಮರುಕ್ಷಣವೇ ಉತ್ತರ ಬಂತು. ನನ್ನ ಅಂಗಡಿಯಲ್ಲೇ ಕೂತು ಇಬ್ಬರೂ ಓದಿದೆವು. 'ನಿಮ್ಮ ಸಮಯ ನಿರ್ವಹಣೆಯನ್ನು ಸುಧಾರಿಸಿಕೊಳ್ಳಿ. ಅನಗತ್ಯ ವಿಷಯಗಳಿಂದ ಗಮನ ಕದಲದಂತೆ ನೋಡಿಕೊಳ್ಳಿ.'

ಕಸ್ತೂರಿ ನಕ್ಕಳು. "ಮಳಿ ಅನಗತ್ಯ ವಿಷಯ ಅಂತ, ನೋಡಕ್ಕಾ." ನಾನು ನಗಲಿಲ್ಲ. ಅವಳು ಅರ್ಥವಾಗಿಲ್ಲ ಎಂದು ಬಾಯಿಬಿಟ್ಟು ಕೇಳಿದ್ದಳು. ಕಲಿಯುವವಳು ಮಾಡಬೇಕಾದ ಕೆಲಸ ಅದೊಂದೇ, ಅದನ್ನು ಅವಳು ಮಾಡಿದ್ದಳು. ಆ ಕಡೆ ಕೇಳಿಸಿಕೊಳ್ಳಲು ಮನುಷ್ಯರೇ ಇರಲಿಲ್ಲ.

ಮುಂದಿನ ಸೋಮವಾರ ರಫೀಕ್ ಊಟಕ್ಕೆ ಬಂದವನು ಫೋನು ತೋರಿಸಿ ನಗತೊಡಗಿದ. ನನಗೂ ಒಂದು ವಾರ ಮದುವೆಯ ಹೊಲಿಗೆಯ ಗಡಿಬಿಡಿಯಲ್ಲಿ ಪಾಠ ತೆರೆಯಲು ಆಗಿರಲಿಲ್ಲ. 'ಪ್ರಿಯ ಪಾಲಕರೇ, ನಿಮ್ಮ ಮಗು ಮುಮ್ತಾಜ್ ಈ ವಾರ ಕಲಿಕೆಯಲ್ಲಿ ತೊಡಗಿಲ್ಲ. ದಯವಿಟ್ಟು ಗಮನ ಹರಿಸಿ.' ಕೆಳಗೆ ಪ್ರಾಂಶುಪಾಲರ ಹೆಸರು. "ನನ್ನ ಮಗು ಓದಾಕತ್ತಿಲ್ಲಂತ. ಚಾಕಲೇಟ ತರಲೇನು?" ಎಂದು ಮಕ್ಕಳ ಮುಂದೆ ನನ್ನನ್ನು ಕಾಡಿದ. ಮೂವತ್ತು ದಾಟಿದ ಹೆಂಗಸಿನ ಮೇಲೆ ಅವಳ ಗಂಡನಿಗೆ ಚಾಡಿ ಹೇಳುವ ಕಾಲೇಜು ಎಂದು ನಾನೂ ಬೈದು ಸುಮ್ಮನಾದೆ. ನಮ್ಮ ಮನೆಯಲ್ಲಿ ಅದು ಬರೀ ಚೇಷ್ಟೆಯ ವಿಷಯವಾಯಿತು. ಬಿಜ್ಜರಗಿಯಲ್ಲಿ ಅದೇ ಮೆಸೇಜು ಏನು ಮಾಡುತ್ತಿದೆಯೆಂದು ನನಗೆ ಹೊಳೆಯಲಿಲ್ಲ.

ಆ ಸಂತೆಗೆ ಕಸ್ತೂರಿ ಬರಲಿಲ್ಲ. ಫೋನು ಮಾಡಿದರೆ ಸ್ವಿಚ್ ಆಫ್. ಎರಡನೆಯ ಸಂತೆಗೂ ಬರದಿದ್ದಾಗ ಅಂಗಡಿ ಮುಚ್ಚಿ ಬಸ್ಸು ಹತ್ತಿದೆ.

ಮಲ್ಲಪ್ಪ ಶೆಡ್ಡಿನ ಬಾಗಿಲಲ್ಲೇ ಸಿಕ್ಕ. ದೊಡ್ಡ ದನಿಯ ಮನುಷ್ಯನಲ್ಲ. ಕೂರಲು ಗೋಣಿಚೀಲ ಹಾಸಿಸಿ, ನೀರು ಕೊಡಿಸಿ, ಆಮೇಲೆ ತನ್ನ ಫೋನು ನನ್ನ ಕೈಗಿಟ್ಟ. ಒಂದರ ಕೆಳಗೊಂದು ಅದೇ ಮೆಸೇಜು. ಪ್ರಿಯ ಪಾಲಕರೇ, ನಿಮ್ಮ ಮಗು ಕಸ್ತೂರಿ.

"ಓದ್ರಿ ತಂಗಿ. ನಾ ಬರದದ್ದಲ್ಲ, ದೊಡ್ಡ ಕಾಲೇಜದಾವ್ರು ಬರದದ್ದು. ಮುಂಜಾನಿಂದ ಸಂಜಿತನಾ ಈಕಿ ಕಿವ್ಯಾಗ ವಾಯರ್ ಇರತೈತಿ. ಕೇಳಿದ್ರ ಪಾಠ ಅಂತಾಳ. ಕಾಲೇಜ ನೋಡಿದ್ರ ಪಾಠ ಕೇಳಾಕತ್ತಿಲ್ಲ ಅಂತೈತಿ. ಹಂಗಾರ ಏನ ಕೇಳತಾಳ? ಯಾರ ಮಾತ ಕೇಳತಾಳ?"

ಯಾರ ಮಾತು ಎನ್ನುವ ಆ ಪ್ರಶ್ನೆಯ ಅರ್ಥ ಶೆಡ್ಡಿನಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು. ಕಸ್ತೂರಿ ಒಳಗೆ ತಲೆ ತಗ್ಗಿಸಿ ಮಣೂಕ ಆರಿಸುತ್ತಿದ್ದಳು. ಕಿವಿ ಖಾಲಿ ಇತ್ತು, ಅವಳ ಫೋನನ್ನು ಮಲ್ಲಪ್ಪ ಕಸಿದಿಟ್ಟಿದ್ದ. ಶಿವಾನಂದ ಕ್ರೇಟುಗಳ ಹತ್ತಿರ ನಿಂತು ನೆಲ ನೋಡುತ್ತಿದ್ದ. ಡೌನ್‌ಲೋಡು, ನೆಟ್‌ವರ್ಕ್ ಎಂದು ನಾನು ತಿಳಿಸಿ ಹೇಳಲು ಹೋದೆ. ಮಲ್ಲಪ್ಪ ಕೈ ಎತ್ತಿ, "ನೀವು ಆಕಿ ಗೆಳತಿ. ನೀವು ಹಂಗ ಹೇಳಾವ್ರ. ಕಾಲೇಜಿಗೇನ ಆಕಿ ಮ್ಯಾಲ ಹಗಿ ಐತೇನ್ರಿ?" ಅಂದ.

ಮರುದಿನ ವಿಜಯಪುರಕ್ಕೆ ಹೋದೆ. ಹಂಚಿನಾಳ ಸರ್ ಕಂಪ್ಯೂಟರಿನಲ್ಲಿ ಕಸ್ತೂರಿಯ ಹೆಸರು ತೆಗೆದರು. ಕೆಂಪು ಬಣ್ಣದಲ್ಲಿತ್ತು.

"ನೋಡ್ರಿ ಅಕ್ಕಾರ, ತಿಂಗಳಾತು, ಒಂದು ಪಾಠಾನೂ ಪೂರಾ ನೋಡಿಲ್ಲ ಇವರು."

"ಡೌನ್‌ಲೋಡ್ ಮಾಡಿದ್ದು ಕಾಣಸತೈತೇನ್ರಿ?"

"ಅದು ಕಾಣಸತೈತಿ. ಎಲ್ಲಾ ಇಳಿಸ್ಯಾರ."

"ಕೇಳಿದ್ದು?"

"ಅದು ಕಾಣಸೂದಿಲ್ಲ."

"ಕಾಣದಿದ್ದದ್ದಕ್ಕ ಕೇಳಿಲ್ಲ ಅಂತ ಹೆಂಗ ಬರದ್ರಿ?"

"ನಾವೆಲ್ಲಿ ಬರಿತೀವ್ರಿ? ಅದು ತಾನ ಹೋಗತೈತಿ."

ಆಕೆ ಮಗುವಲ್ಲ, ಆಕೆಗೇ ಇಬ್ಬರು ಮಕ್ಕಳಿದ್ದಾರೆ, ಈ ಮೆಸೇಜಿನಿಂದ ಆಕೆಯ ಮಾನಕ್ಕೆ ಬಂದಿದೆ ಎಂದು ಹೇಳಿದೆ. ಅವರು ಕೆಟ್ಟವರಂತೆ ಕಾಣಲಿಲ್ಲ. ಅದು ನನಗೆ ಇನ್ನೂ ಸಿಟ್ಟು ತರಿಸಿತು. ಚಹಾ ತರಿಸಿ, ಸಮಾಧಾನದಿಂದ, "ಸಮಯ ನಿರ್ವಹಣೆ ಮ್ಯಾಲ ಒಂದು ಚಲೋ ವಿಡಿಯೋ ಹಾಕೇವ್ರಿ, ಅವರಿಗೆ ಅದನ್ನ ನೋಡಾಕ ಹೇಳ್ರಿ" ಅಂದರು. ನೋಡಲು ಆಕೆಯ ಕೈಯಲ್ಲಿ ಫೋನಿಲ್ಲ ಎಂದು ಹೇಳಿ ಚಹಾ ಮುಟ್ಟದೆ ಎದ್ದು ಬಂದೆ.

ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಒಂದು ಧ್ವನಿ ಕೇಳಿಸಿತು. ಯಾರೋ ಒಬ್ಬರು ಜವಾನನ ಹತ್ತಿರ ಕೀಲಿ ಕೇಳುತ್ತಿದ್ದರು. ಆ ಧ್ವನಿಯನ್ನು ಮಷಿನ್ನಿನ ಸದ್ದಿನ ನಡುವೆ ವರ್ಷವಿಡೀ ಕೇಳಿದವಳು ನಾನು. ತಿರುಗಿ, "ಕಲಾವತಿ ಮೇಡಂ ಅಲ್ಲೇನ್ರಿ?" ಅಂದೆ. ಸಣ್ಣ ಮೈಯ, ನನ್ನಷ್ಟೇ ವಯಸ್ಸಿನ ಹೆಂಗಸು. ಅತಿಥಿ ಉಪನ್ಯಾಸಕಿ, ಬಬಲೇಶ್ವರದಿಂದ ದಿನಾ ಬಂದು ಹೋಗುವವರು. ಅಲ್ಲೇ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಕೇಳಿದರು.

"ನಾ ಪಾಠ ರೆಕಾರ್ಡ್ ಮಾಡಿ ಕೊಟ್ಟಿದ್ದಷ್ಟ. ಯಾರು ಕೇಳ್ತಾರ, ಯಾರಿಗೆ ತಿಳೀಲಿಲ್ಲ, ನನಗೇನೂ ಬರೂದಿಲ್ಲ. ಒಬ್ಬರಾದ್ರೂ ಪ್ರಶ್ನೆ ಕೇಳ್ಯಾರೇನು ಅಂತ ಎರಡ ಸರ್ತಿ ವಿಚಾರಿಸಿದೆ. ಪ್ರಶ್ನೆ ನನ್ನತನಾ ಬರೂ ದಾರೀನ ಇಟ್ಟಿಲ್ಲ."

ಕಸ್ತೂರಿ ಕೇಳಿದ್ದ ಸೊಸೆಯರ ಪ್ರಶ್ನೆಯನ್ನು ಹೇಳಿದೆ. ಅವರು, "ಐತ್ವಾರ ಬರ್ತೇನಿ. ಬಿಜ್ಜರಗಿಗೆ ಹೋಗೂಣು" ಅಂದರು.

ಭಾನುವಾರ ಬಂದರು. ಮಟಮಟ ಮಧ್ಯಾಹ್ನ, ತಗಡಿನ ಶೆಡ್ಡು ಕಾದಿತ್ತು. ಹೆಂಗಸರು ಸಾಲಾಗಿ ಕೂತು ಆರಿಸುತ್ತಿದ್ದರು. ಮಲ್ಲಪ್ಪ ಯಾರೆಂದು ಕೇಳುವ ಮೊದಲೇ ಮೇಡಂ, "ನಮಸ್ಕಾರ್ರಿ, ಕಸ್ತೂರಿ ಅವರು ಯಾರು?" ಅಂದರು. ಅಷ್ಟು ಸಾಕಾಯಿತು. ತುದಿಯಲ್ಲಿ ಕೂತಿದ್ದ ಸಿದ್ದವ್ವ ಎಂಬ ಮುದುಕಿ ಕೆಲಸ ನಿಲ್ಲಿಸಿದಳು.

"ಈಕಿ ಪಾಠದ ಬಾಯಿ ಅಲ್ಲೇನ ಬೇ?"

ಪಕ್ಕದವಳು, "ಹೂಂ ನೋಡು, ಅದ ದನಿ" ಅಂದಳು.

ಮೇಡಂಗೆ ತಿಳಿಯಲಿಲ್ಲ. ಸಿದ್ದವ್ವನೇ ಹೇಳಿದಳು: "ಒಂದ ಕಿವೀದು ಆಕಿ ಹಾಕ್ಕೋತಿದ್ಲು, ಒಂದ ಕಿವೀದು ನಮಗ ಕೊಡತಿದ್ಲು. ಪಾಳೇ ಹಚ್ಚಿ ಕೇಳತಿದ್ವಿ. ತಿಳೀದಿದ್ರ ಆಕೀನ ಬಿಡಿಸಿ ಹೇಳತಿದ್ಲು. ನೀವು ಭಾಳ ಲಗೂ ಲಗೂ ಮಾತಾಡತೀರಿ ನೋಡ್ರಿ ಬಾಯಾರ."

ನಗು ಎದ್ದಿತು. ಕಸ್ತೂರಿ ನಗಲಿಲ್ಲ. ಮೇಡಂ ಅವಳ ಮಗ್ಗುಲಿಗೆ ಹೋಗಿ ಗೋಣಿಚೀಲದ ಮೇಲೆ ಕೂತು, ತಿಳಿಯದೆ ಉಳಿದಿದ್ದ ಪಾಠ ಯಾವುದೆಂದು ಕೇಳಿದರು. ಬಿಸಿಲು ಇಳಿಯುವವರೆಗೂ ಅಲ್ಲೇ ಕೂತು ಹೇಳಿದರು, ಈ ಸಲ ನಿಧಾನವಾಗಿ. ಮಲ್ಲಪ್ಪ ಕಂಬಕ್ಕೆ ಒರಗಿ ನಿಂತವನು ಅಲ್ಲಾಡಲಿಲ್ಲ. ನಾವು ಹೊರಡುವಾಗ ಒಳಗೆ ಹೋಗಿ ಫೋನು ತಂದು ಕಸ್ತೂರಿಯ ಮುಂದೆ ನೆಲದ ಮೇಲಿಟ್ಟ. ಅವಳು ತಕ್ಷಣ ಎತ್ತಿಕೊಳ್ಳಲಿಲ್ಲ.

ಮರುದಿನ ಮುಂಜಾನೆ ನಾನು ಅಂಗಡಿಯ ಬಾಗಿಲು ತೆಗೆಯುವಾಗ ಮಲ್ಲಪ್ಪ ಎದುರಿಗೆ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. "ನಡೀರಿ ತಂಗಿ, ಆ ಕಾಲೇಜ ತೋರಸ್ರಿ" ಅಂದ.

ಆಫೀಸಿನಲ್ಲಿ ಅವನು ಕೂರಲಿಲ್ಲ. ಫೋನನ್ನು ಹಂಚಿನಾಳ ಸರ್ ಮೇಜಿನ ಮೇಲಿಟ್ಟು ಕೇಳಿದ: "ಇದನ್ನ ಬರದವ್ರು ಯಾರ್ರಿ?"

"ಅದು ತಾನ ಹೋಗತೈತ್ರಿ ಕಾಕಾ."

"ತಾನ ಹೋಗೂದಕ್ಕ ಕೆಳಗ ಹೆಸರ ಯಾರದು? ಹೆಸರ ಹಾಕಿದವ್ರನ್ನ ಕರೀರಿ. ಇದನ್ನ ನಂಬಿ ನಾ ನಮ್ಮ ಮನಿ ಹೆಣ್ಣಮಗಳಿಗೆ ಆಡಬಾರದ್ದು ಆಡೇನಿ. ಮಂದಿ ಮುಂದ ಆಡೇನಿ. ಆ ಮಾತ ನಾ ಹೆಂಗ ವಾಪಸ್ ತಗೊಳ್ಳಿ? ನಿಮ್ಮ ಮಷಿನ್ ತಗೊಂತೈತೇನು?"

ಪ್ರಾಂಶುಪಾಲರು ಬಂದರು. ಅವರಿಗೆ ತಮ್ಮ ಹೆಸರಿನಲ್ಲಿ ಇಂಥ ಮೆಸೇಜು ಹೋಗುತ್ತದೆಂಬುದೇ ಸರಿಯಾಗಿ ಗೊತ್ತಿರಲಿಲ್ಲ. ಮಲ್ಲಪ್ಪನ ನಂಬರು ತೆಗೆಸಿದರು. ಬೇರೆ ಮನೆಗಳಿಗೆ ಹೋಗುವ ಮೆಸೇಜು ನಿಲ್ಲಿಸುತ್ತೀರಾ ಎಂದು ನಾನು ಕೇಳಿದ್ದಕ್ಕೆ, ಬೇರೆ ಯಾರೂ ದೂರು ಕೊಟ್ಟಿಲ್ಲ ಅಂದರು. ದೂರು ಕೊಡುವುದು ಹೇಗೆ? ಆ ಮನೆಗಳಲ್ಲಿ ಫೋನು ಯಾರ ಕೈಯಲ್ಲಿದೆ? ಇದನ್ನು ಬಾಯಿಬಿಟ್ಟೇ ಕೇಳಿದೆ. ಅವರು ಗಡಿಯಾರ ನೋಡಿದರು.

ಕಸ್ತೂರಿಯ ಹೆಸರು ಕೆಂಪಿನಲ್ಲೇ ಉಳಿಯಿತು. ಲೆಕ್ಕ ಮುಚ್ಚಿಯಾಗಿದೆ, ತಿದ್ದಲು ಬರುವುದಿಲ್ಲ ಅಂದರು. ಹಾಜರಿಯೇ ಇಲ್ಲ ಎಂದು ಮೈಕಿನಲ್ಲಿ ಹೇಳಿದವರು ಪಾಠ ನೋಡಿದ ಹೊತ್ತು ಸಾಲದೆಂದು ಅವಳನ್ನು ಪರೀಕ್ಷೆಗೆ ಕೂರಿಸಲಿಲ್ಲ. ನಾನು ಬರೆದೆ, ಪಾಸಾದೆ. ನನ್ನ ಹೆಸರು ಹಸಿರಿನಲ್ಲಿತ್ತು. ಏಕೆಂದರೆ ಎಷ್ಟೋ ದಿನ ಪಾಠ ತನ್ನ ಪಾಡಿಗೆ ಓಡುತ್ತಿತ್ತು, ನಾನು ಗಿರಾಕಿಗಳ ಹತ್ತಿರ ಮಾತಾಡುತ್ತ ಬೆರಳು ಮುಟ್ಟಿಸುತ್ತಿದ್ದೆ. ಕಲಿಕೆಯನ್ನು ಅಳೆಯುತ್ತೇವೆ ಎಂದವರು ಅಳೆದದ್ದು ಇದನ್ನು.

ಕಲಾವತಿ ಮೇಡಂ ಅವರನ್ನು ಮುಂದಿನ ವರ್ಷ ಕಾಲೇಜು ತೆಗೆದುಕೊಳ್ಳಲಿಲ್ಲ. ಪಾಠಗಳು ಹೇಗೂ ರೆಕಾರ್ಡ್ ಆಗಿವೆಯಲ್ಲ. ಈಗಲೂ ಹೊಸದಾಗಿ ಸೇರಿದವರಿಗೆ ಅವರ ಧ್ವನಿ ಕೇಳಿಸುತ್ತದೆ. ಅವರು ಬಬಲೇಶ್ವರದಲ್ಲಿ ಮನೆಪಾಠ ಹೇಳಿಕೊಂಡಿದ್ದಾರೆ. ಇದನ್ನು ಯಾರ ಮುಂದೆ ಹೇಳಿದರೂ, ಈಗ ಎಲ್ಲ ಕಡೆ ಹಾಗೇ ಅಲ್ಲವೇ ಎನ್ನುತ್ತಾರೆ. ಎಲ್ಲ ಕಡೆ ಹಾಗೇ ಆದರೆ ಅದು ಸರಿಯಾಗಿಬಿಡುತ್ತದೆಯೇ?

ಕಸ್ತೂರಿ ಆ ಕಾಲೇಜು ಬಿಟ್ಟಳು. ಅಂಚೆಯಲ್ಲಿ ಪುಸ್ತಕ ಕಳಿಸಿ ಪರೀಕ್ಷೆ ಮಾತ್ರ ನಡೆಸುವ ಕಡೆ ಹೆಸರು ಹಚ್ಚಿ, ಮತ್ತೆ ಮೊದಲಿನಿಂದ ಶುರು ಮಾಡಿದಳು. ತಿಳಿಯದ್ದನ್ನು ಮೇಡಂಗೆ ಫೋನು ಮಾಡಿ ಕೇಳುತ್ತಿದ್ದಳು. ನನಗಿಂತ ತಡವಾಗಿ ಬಿ.ಎ. ಮುಗಿಸಿದಳು, ನನಗಿಂತ ಚೆನ್ನಾಗಿ ಮುಗಿಸಿದಳು.

ಫಲಿತಾಂಶದ ದಿನ ನಾನೂ ಬಿಜ್ಜರಗಿಯಲ್ಲಿದ್ದೆ. ಮಲ್ಲಪ್ಪ ಓಣಿಯವರಿಗೆಲ್ಲ ಹೇಳಿ ಬಂದ. ಶಿವಾನಂದ ವಿಜಯಪುರದಿಂದ ಪೇಡೆ ತಂದು, ಮೊದಲನೆಯದನ್ನು ಹೆಂಡತಿಯ ಕೈಗೇ ಕೊಡಲು ಹೋದ. ಆ ಕಾಲೇಜನ್ನು ಬೈಯಲು ನನಗೆ ಇದಕ್ಕಿಂತ ಒಳ್ಳೆಯ ದಿನ ಇರಲಿಲ್ಲ, ಬೈಯುತ್ತಲೇ ಇದ್ದೆ. ಕಸ್ತೂರಿ ನನ್ನನ್ನು ತಡೆದಳು.

"ಇರಲಿ ಬಿಡಕ್ಕಾ. ಕಾಲೇಜಿಗೆ ನನ್ನ ಗುರುತಿರಲಿಲ್ಲ" ಎಂದು, ಗಂಡನ ಕಡೆ ತಿರುಗಿದಳು. ದನಿ ಏರಿಸಲಿಲ್ಲ.

"ನಿಮಗಿತ್ತಲ್ರಿ. ಅವತ್ತ ಯಾಕ ಸುಮ್ನ ನಿಂತಿದ್ರಿ?"

ಶಿವಾನಂದನ ಕೈಯಲ್ಲಿ ಪೇಡೆ ಹಾಗೇ ಉಳಿಯಿತು. ಕಸ್ತೂರಿ ಅದನ್ನು ತೆಗೆದುಕೊಂಡು ಮತ್ತೆ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು.

"ಉತ್ತರ ಸಿಕ್ಕಾಗ ಹೇಳ್ರಿ. ಅವತ್ತ ತಿಂತೇನಿ" ಎಂದು ಹೇಳಿ, ಒಳಗೆ ಹೋಗಿ ನಮಗೆಲ್ಲ ಚಹಾಕ್ಕಿಟ್ಟಳು.